ಸ್ಪಾರ್ಕ್ ಪ್ಲಗ್: ಇರಿಡಿಯಂ ಹಾಕಿಸ್ಲಾ, ಮಾಮೂಲಿದೇ ಸಾಕಾ, ನಾನೇ ಬದಲಾಯಿಸ್ಬಹುದಾ?

ಪ್ರಶ್ನೆ: ನಂದು ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್, 62,000 ಕಿ.ಮೀ. ಓಡಿದೆ. ಪ್ಲಗ್ ಒಂದ್ಸಲವೂ ಬದಲಾಯಿಸಿಲ್ಲ. ಈಗೀಗ ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಸ್ವಲ್ಪ ನಡುಗುತ್ತೆ, ಟಾಪ್ ಗೇರಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದ್ರೆ ಜರ್ಕ್ ಹೊಡೆಯುತ್ತೆ. ಮೆಕ್ಯಾನಿಕ್ ಪ್ಲಗ್ ಚೇಂಜ್ ಮಾಡಿ ಅಂದ್ರು. ಒಬ್ಬ ಫ್ರೆಂಡ್ ಇರಿಡಿಯಂ ಹಾಕ್ಸು, ಪಿಕಪ್ಪು ಮೈಲೇಜು ಎರಡೂ ಏರುತ್ತೆ ಅಂತಾನೆ, ಇನ್ನೊಬ್ಬ ಹಳೇದನ್ನೇ ಬ್ರಶ್ ಹಾಕಿ ಉಜ್ಜಿ ಗ್ಯಾಪ್ ಸೆಟ್ ಮಾಡು ಸಾಕು ಅಂತಾನೆ. ಯಾವ್ದು ತಗೊಳ್ಳಲಿ? ನಾನೇ ಮನೇಲಿ ಹಾಕ್ಕೋಬಹುದಾ?

ಉತ್ತರ:

ಮೊದ್ಲು ನಿಮ್ಮ ಜರ್ಕ್ ವಿಷಯ ನೋಡೋಣ ಸರ್. ಸಪಾಟು ರೋಡಲ್ಲಿ ಆರಾಮಾಗಿ ಹೋಗೋ ಗಾಡಿ ಟಾಪ್ ಗೇರಲ್ಲಿ ಏರು ಹತ್ತುವಾಗ ಮಾತ್ರ ಮಿಸ್ ಹೊಡೆಯುತ್ತೆ ಅಂದ್ರೆ ಸವೆದ ಪ್ಲಗ್ ಮೇಲೆ ಅನುಮಾನ ಪಡೋದು ಸರಿನೇ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗೆ ಗಾಳಿ ಜಾಸ್ತಿ ತುಂಬ್ಕೊಳ್ಳುತ್ತೆ, ಪಿಸ್ಟನ್ ಅದನ್ನ ಅದುಮಿದಾಗ ಪ್ರೆಶರ್ ಏರುತ್ತೆ, ಪ್ರೆಶರ್ ಏರಿದಷ್ಟೂ ಕಿಡಿ ಹಾರೋಕೆ ಹೆಚ್ಚು ವೋಲ್ಟೇಜ್ ಬೇಕಾಗುತ್ತೆ. ಇತ್ತ ಪ್ಲಗ್ಗಿನ ತುದಿ ಸವೆದು ಗ್ಯಾಪ್, ಅಂದ್ರೆ ನಡುವಿನ ತುದಿಗೂ ಅದರ ಎದುರು ಬಗ್ಗಿರೋ ಕೊಕ್ಕೆಗೂ ಮಧ್ಯೆ ಕಿಡಿ ಹಾರೋ ಸಂದು, ದೊಡ್ಡದಾಗಿದ್ರೆ ಅದಕ್ಕೂ ಹೆಚ್ಚು ವೋಲ್ಟೇಜ್ ಬೇಕು. ಎರಡೂ ಒಟ್ಟಿಗೆ ಸೇರಿದಾಗ ಪ್ಲಗ್‌ಗೆ ಹೈ ವೋಲ್ಟೇಜ್ ಕೊಡೋ ಇಗ್ನಿಷನ್ ಕಾಯಿಲ್ ಕೈಲಿ ಅಷ್ಟು ಕೊಡೋಕಾಗಲ್ಲ, ಆ ಒಂದು ಸಲ ಕಿಡಿ ಹಾರಲ್ಲ, ಪೆಟ್ರೋಲ್ ಸುಡದೆ ಹಾಗೇ ಆಚೆ ಹೋಗುತ್ತೆ, ನಿಮಗೆ ಜರ್ಕ್ ಆಗಿ ಗೊತ್ತಾಗುತ್ತೆ. ಆದ್ರೆ ಕಾಯಿಲ್ ವೀಕ್ ಆದ್ರೂ ಇದೇ ಥರ ಆಗುತ್ತೆ, ಅದನ್ನ ಕೊನೇಲಿ ಹೇಳ್ತೀನಿ. ಒಂದು ವಿಷಯ ಮಾತ್ರ ಈಗ್ಲೇ ತಲೇಲಿ ಇಟ್ಕೊಳ್ಳಿ, ಡ್ಯಾಶ್‌ಬೋರ್ಡಲ್ಲಿ ಚೆಕ್ ಇಂಜಿನ್ ಲೈಟ್ ಮಿಣಮಿಣ ಅಂತ ಬ್ಲಿಂಕ್ ಆಗ್ತಿದ್ರೆ ಗಾಡಿ ಓಡಿಸ್ಬೇಡಿ, ಸುಡದೇ ಇರೋ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆಯ ವಿಷ ಕಮ್ಮಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಸುಟ್ಟು ಅದನ್ನೇ ಕರಗಿಸಿಬಿಡುತ್ತೆ, ಆ ಖರ್ಚಿನ ಮುಂದೆ ಪ್ಲಗ್ ಖರ್ಚು ಏನೇನೂ ಅಲ್ಲ.

62,000 ಕಿ.ಮೀ. ಅಂದ್ರಿ. ಇದು ಲೇಟಾಯ್ತಾ ಇಲ್ವಾ ಅನ್ನೋದು ಕಂಪನಿಯವರು ಯಾವ ಪ್ಲಗ್ ಹಾಕಿ ಕೊಟ್ಟಿದಾರೆ ಅನ್ನೋದರ ಮೇಲೆ ನಿಂತಿದೆ. ಮಾಮೂಲಿ ನಿಕಲ್ ಪ್ಲಗ್ ಆಗಿದ್ರೆ ಅದರ ಆಯಸ್ಸು ಸುಮಾರು 20,000ದಿಂದ 40,000 ಕಿ.ಮೀ., ಅಂದ್ರೆ ಯಾವಾಗ್ಲೋ ಮುಗಿದು ಹೋಗಿದೆ. ಕಂಪನಿಯಿಂದಲೇ ಇರಿಡಿಯಂ ಅಥವಾ ಡಬಲ್ ಪ್ಲಾಟಿನಂ ಬಂದಿದ್ರೆ 1,00,000 ಕಿ.ಮೀ. ಆಸುಪಾಸು ಬರ್ಬೇಕು, ಆಗ 62,000ಕ್ಕೆ ಪ್ಲಗ್ಗೇ ಹೋಗಿದೆ ಅಂತ ಕಣ್ಮುಚ್ಕೊಂಡು ನಂಬೋ ಹಾಗಿಲ್ಲ. ಓನರ್ಸ್ ಮ್ಯಾನ್ಯುಯಲ್ ತೆಗೀರಿ, ಹಿಂದಿನ ಪುಟಗಳಲ್ಲಿ ಪ್ಲಗ್ ನಂಬರ್, ಗ್ಯಾಪ್, ಎಷ್ಟು ಕಿಲೋಮೀಟರ್‌ಗೆ ಬದಲಾಯಿಸ್ಬೇಕು ಎಲ್ಲಾ ಇರುತ್ತೆ. ಗ್ಯಾಸ್ ಕಿಟ್ ಇರೋ ಗಾಡಿ ಆದ್ರೆ ಇನ್ನೂ ಬೇಗ ಬದಲಾಯಿಸ್ಬೇಕು, ಸಿಎನ್‌ಜಿ ಹೊತ್ತಿಸೋಕೆ ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು, ಹಾಗಾಗಿ ತುದಿ ಬೇಗ ಸವೆಯುತ್ತೆ.

ಇನ್ನು ಯಾವ್ದು ತಗೋಬೇಕು ಅನ್ನೋದು. ಎಲ್ರೂ ಶುರು ಮಾಡೋದೇ ಇರಿಡಿಯಮ್ಮಾ ಪ್ಲಾಟಿನಮ್ಮಾ ಅಂತ. ನಾನು ಹೇಳೋದು ಲೋಹದ ವಿಷಯ ಕೊನೇಗೆ ಇಟ್ಕೊಳ್ಳಿ ಅಂತ. ಮೊದ್ಲು ಪ್ಲಗ್ ನಿಮ್ಮ ಇಂಜಿನ್ ಹೆಡ್ಡಿಗೆ, ಅಂದ್ರೆ ಸಿಲಿಂಡರ್‌ಗಳ ಮೇಲೆ ಮುಚ್ಚಳದ ಥರ ಕೂತಿರೋ ಭಾಗಕ್ಕೆ, ಅಳತೇಲಿ ಕೂರಬೇಕು, ಆಮೇಲೆ ಶಾಖದ ಲೆಕ್ಕ ಸರಿ ಇರಬೇಕು, ಆಮೇಲೆ ಗ್ಯಾಪ್, ಇದೆಲ್ಲಾ ಸರಿ ಆದ್ಮೇಲೆ ಲೋಹ. ಇಲ್ಲಿ ಉಲ್ಟಾ ಮಾಡಿದವರೇ ಇಂಜಿನ್ ಕೆಡಿಸ್ಕೊಂಡು ಬರೋದು.

ಅಳತೆ ಅಂದ್ರೆ ಥ್ರೆಡ್ಡಿನ ದಪ್ಪ ಎಷ್ಟು, ಉದ್ದ ಎಷ್ಟು, ವಾಷರ್ ಮೇಲೆ ಕೂರೋ ಜಾತಿಯೋ ಇಲ್ಲಾ ವಾಷರ್ ಇಲ್ಲದೆ ಇಳಿಜಾರಾಗಿ ಕೂರೋ ಜಾತಿಯೋ ಅನ್ನೋದು. ಉದ್ದದ ವಿಷಯದಲ್ಲಿ ಹುಷಾರಾಗಿರಿ, 12.7 ಮಿ.ಮೀ. ಇರೋ ಕಡೆ 19 ಮಿ.ಮೀ. ಉದ್ದದ್ದು ತಿರುಗಿಸಿದ್ರೆ ಅದು ಸಲೀಸಾಗಿ ಕೂತ್ಕೊಳ್ಳುತ್ತೆ, ಸ್ಟಾರ್ಟ್ ಮಾಡಿದ ತಕ್ಷಣ ಪಿಸ್ಟನ್ನೋ ವಾಲ್ವೋ ಬಂದು ಗುದ್ದೋ ಸಾಧ್ಯತೆ ಇದೆ. ಗಿಡ್ಡದ್ದು ಹಾಕಿದ್ರೆ ಕಿಡಿ ಬೇಕಾದ ಜಾಗದಲ್ಲಿ ಹಾರಲ್ಲ, ಜೊತೆಗೆ ಖಾಲಿ ಉಳಿದ ಹೆಡ್ಡಿನ ಥ್ರೆಡ್ ಮೇಲೆ ಕಾರ್ಬನ್ ಕೂತು ಮುಂದೆ ಸರಿಯಾದ ಪ್ಲಗ್ ಹಾಕೋಕೆ ಹೋದ್ರೂ ಹೋಗಲ್ಲ.

ಈಗ ಹೀಟ್ ರೇಂಜ್. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ ಯಾಕಂದ್ರೆ ಜನ ಜಾಸ್ತಿ ತಪ್ಪು ತಿಳ್ಕೊಂಡಿರೋದು ಇಲ್ಲೇ. ಹಾಟ್ ಪ್ಲಗ್ ಅಂದ್ರೆ ಜೋರಾಗಿ ಕಿಡಿ ಹಾರಿಸೋ ಪ್ಲಗ್ ಅಲ್ಲ. ಕಿಡಿಗೂ ಇದಕ್ಕೂ ಸಂಬಂಧಾನೇ ಇಲ್ಲ. ಪ್ಲಗ್ಗಿನ ತುದಿಗೆ ಬಡಿಯೋ ಶಾಖ ಎಷ್ಟು ಬೇಗ ಹೆಡ್ಡಿಗೆ ಹರಿದು ಹೋಗುತ್ತೆ ಅನ್ನೋದಷ್ಟೇ ವಿಷಯ. ಒಳಗಿರೋ ಬಿಳೀ ಪಿಂಗಾಣಿಯ ಮೂಗು ಉದ್ದ ಇದ್ರೆ ಶಾಖ ದೂರ ಸಾಗಬೇಕು, ತುದಿ ಬಿಸಿಯಾಗೇ ಉಳಿಯುತ್ತೆ, ಅದು ಹಾಟ್. ಮೂಗು ಗಿಡ್ಡ ಇದ್ರೆ ಬೇಗ ತಣಿಯುತ್ತೆ, ಅದು ಕೋಲ್ಡ್. ತುದಿ ಸುಮಾರು 450-500 ಡಿಗ್ರಿ ಸೆಲ್ಸಿಯಸ್ ಮೇಲೇ ಇರ್ಬೇಕು, ಆಗ ಮೇಲೆ ಕೂರೋ ಮಸಿ ತಾನಾಗೇ ಸುಟ್ಟು ಹೋಗುತ್ತೆ. ಅದಕ್ಕಿಂತ ಕೆಳಗಿದ್ರೆ ಮಸಿ ಕೂತು ಕೂತು ಕರೆಂಟು ಗ್ಯಾಪಲ್ಲಿ ಹಾರೋ ಬದ್ಲು ಮಸಿ ಮೇಲೇ ಹರಿದು ಹೋಗಿಬಿಡುತ್ತೆ. ಹಾಗಂತ 850-900 ದಾಟೋ ಹಾಗೂ ಇಲ್ಲ, ಅಷ್ಟು ಕೆಂಪಗೆ ಕಾದ ತುದಿ ಕಿಡಿ ಹಾರೋಕೆ ಮುಂಚೆನೇ ಪೆಟ್ರೋಲ್ ಹೊತ್ತಿಸಿಬಿಡುತ್ತೆ, ಪಿಸ್ಟನ್ ಇನ್ನೂ ಮೇಲೆ ಬರ್ತಿರುವಾಗಲೇ ಒಳಗೆ ಬೆಂಕಿ, ಹಾಗೆ ಪಿಸ್ಟನ್ ತಲೆ ತೂತಾದ ಇಂಜಿನ್ನುಗಳಿವೆ. ಈ ಎರಡರ ಮಧ್ಯೆ ತುದಿ ಇರೋ ಹಾಗೆ ಇಂಜಿನ್ ಮಾಡಿದವರು ಟೆಸ್ಟ್ ಮಾಡಿ ನಂಬರ್ ಕೊಟ್ಟಿರ್ತಾರೆ, ಬೋರ್ ಮಾಡಿಸದ, ಟ್ಯೂನ್ ಮಾಡಿಸದ ಮಾಮೂಲಿ ಗಾಡಿಗೆ ಅದನ್ನ ಬದಲಾಯಿಸೋ ಕಾರಣವೇ ಇಲ್ಲ.

ಇಲ್ಲೇ ಇನ್ನೊಂದು ಗೊಂದಲ ಇದೆ. ಎನ್‌ಜಿಕೆ, ಡೆನ್ಸೊ ಈ ಎರಡು ಬ್ರ್ಯಾಂಡಲ್ಲಿ ಹೀಟ್ ರೇಂಜ್ ನಂಬರ್ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್. ಬಾಷ್, ಚಾಂಪಿಯನ್‌ನಲ್ಲಿ ಉಲ್ಟಾ, ನಂಬರ್ ದೊಡ್ಡದಾದಷ್ಟೂ ಹಾಟ್. ಅಷ್ಟೇ ಅಲ್ಲ, ಎನ್‌ಜಿಕೆ 6 ಅಂದ್ರೆ ಡೆನ್ಸೊದಲ್ಲಿ 20, ಎನ್‌ಜಿಕೆ 5ಕ್ಕೆ ಡೆನ್ಸೊ 16, 7ಕ್ಕೆ 22. ಹಾಗಾಗಿ ಬ್ರ್ಯಾಂಡ್ ಬದಲಾಯಿಸೋದಾದ್ರೆ ನಂಬರ್ ನೋಡಿ ಅಂದಾಜಲ್ಲಿ ತಗೋಬೇಡಿ, ಆ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಗಾಡಿ, ಇಂಜಿನ್, ಇಸವಿ ಹಾಕಿ ನೋಡಿ ತಗೊಳ್ಳಿ.

ಒಂದು ಕೋಡ್ ಬಿಡಿಸಿ ತೋರಿಸ್ತೀನಿ, ಆಮೇಲೆ ಡಬ್ಬಿ ನೋಡಿದ್ರೆ ನಿಮಗೇ ಅರ್ಥ ಆಗುತ್ತೆ. ಎನ್‌ಜಿಕೆಯಲ್ಲಿ ಬಿಕೆಆರ್6ಇ-11 ಅಂತ ಇರುತ್ತೆ. ಬಿಕೆ ಅಂದ್ರೆ 14 ಮಿ.ಮೀ. ಥ್ರೆಡ್, 16 ಮಿ.ಮೀ. ಸಾಕೆಟ್ ಕೂರೋ ತಲೆ. ಆರ್ ಅಂದ್ರೆ ಒಳಗೆ ರೆಸಿಸ್ಟರ್ ಇದೆ, ಇದು ಸಾಮಾನ್ಯವಾಗಿ 5 ಕಿಲೋ ಓಮ್ ಇರುತ್ತೆ, ಕಿಡಿಯಿಂದ ಹುಟ್ಟೋ ಎಲೆಕ್ಟ್ರಿಕಲ್ ಗಲಾಟೆಯನ್ನ ತಡೆಯೋಕೆ. ಇದಿಲ್ಲದ ಪ್ಲಗ್ ಹಾಕಿದ್ರೆ ರೇಡಿಯೋ ಕರಕರ ಅನ್ನೋದಷ್ಟೇ ಅಲ್ಲ, ಈಗಿನ ಗಾಡೀಲಿ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್), ಸೆನ್ಸರ್‌ಗಳಿಗೂ ತೊಂದ್ರೆ ಆಗ್ಬಹುದು, ಅದಕ್ಕೆ ಆರ್ ಇದೆಯಾ ನೋಡ್ಕೊಳ್ಳಿ. 6 ಹೀಟ್ ರೇಂಜ್. ಇ ಅಂದ್ರೆ 19 ಮಿ.ಮೀ. ಉದ್ದ. ಕೊನೇ 11 ಅಂದ್ರೆ ಗ್ಯಾಪ್ 1.1 ಮಿ.ಮೀ. ಅದೇ ಪ್ಲಗ್ಗಿನ ಇರಿಡಿಯಂ ರೂಪ ಬಿಕೆಆರ್6ಇಐಎಕ್ಸ್-11, ಮಧ್ಯೆ ಐಎಕ್ಸ್ ಸೇರಿದೆ ಅಷ್ಟೇ, ಮಿಕ್ಕ ಅಳತೆ ಎಲ್ಲಾ ಹಾಗೇ ಇದೆ ನೋಡಿ. ಲೋಹ ಕೊನೇಗೆ ಅಂದಿದ್ದು ಇದಕ್ಕೇ.

ಈಗ ಲೋಹದ ಮಾತು. ನಿಕಲ್ ಕರಗೋದು 1455 ಡಿಗ್ರಿಗೆ, ಪ್ಲಾಟಿನಂ 1768ಕ್ಕೆ, ಇರಿಡಿಯಂ 2446ಕ್ಕೆ. ಇರಿಡಿಯಂ ಅಷ್ಟು ಗಟ್ಟಿ ಇರೋದ್ರಿಂದ ತುದಿಯನ್ನ ತುಂಬಾ ಸಣ್ಣ ಮಾಡಬಹುದು, ಮಾಮೂಲಿ ಪ್ಲಗ್ಗಿನ ನಡುವಿನ ಕಡ್ಡಿ ಸುಮಾರು 2.5 ಮಿ.ಮೀ. ದಪ್ಪ ಇದ್ರೆ ಇರಿಡಿಯಂದು 0.6 ಮಿ.ಮೀ., ಕೆಲವದ್ರಲ್ಲಿ 0.4 ಮಿ.ಮೀ. ಚೂಪು ತುದಿಯಿಂದ ಕಿಡಿ ಕಮ್ಮಿ ವೋಲ್ಟೇಜಲ್ಲೇ ಹಾರುತ್ತೆ, ಕಾಯಿಲ್‌ಗೆ ಹೊರೆ ಕಮ್ಮಿ, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡುವಾಗ ಸ್ವಲ್ಪ ಅನುಕೂಲ, ಸವೆತ ನಿಧಾನ. ಇದೆಲ್ಲಾ ನಿಜವಾದ ಲಾಭ. ಆದ್ರೆ ನಿಮ್ಮ ಫ್ರೆಂಡ್ ಹೇಳಿದ ಪಿಕಪ್ಪು ಮೈಲೇಜು ಇದೆಯಲ್ಲ, ಅದು ಸವೆದ ಪ್ಲಗ್ ತೆಗೆದು ಹೊಸದು ಹಾಕಿದಾಗ ವಾಪಸ್ ಬರೋ ಪಿಕಪ್, ಹೊಸ ನಿಕಲ್ ಪ್ಲಗ್ ಹಾಕಿದ್ರೂ ಅಷ್ಟೇ ಬರ್ತಿತ್ತು. ಸರಿಯಾಗಿರೋ ಇಂಜಿನ್‌ನಲ್ಲಿ ಹೊಸ ನಿಕಲ್‌ಗೂ ಹೊಸ ಇರಿಡಿಯಮ್‌ಗೂ ಡ್ರೈವ್ ಮಾಡುವಾಗ ಗೊತ್ತಾಗೋ ಅಂತ ವ್ಯತ್ಯಾಸ ಇರಲ್ಲ. ನೀವು ದುಡ್ಡು ಕೊಡೋದು ಆಯಸ್ಸಿಗೆ.

ಹಾಗಾಗಿ ನನ್ನ ಸಲಹೆ ಇಷ್ಟು. ಕಂಪನಿಯವರು ಇರಿಡಿಯಂ ಕೊಟ್ಟಿದ್ರೆ ಇರಿಡಿಯಮ್ಮೇ ಹಾಕಿ, ಕೆಳಗಿನ ದರ್ಜೆಗೆ ಇಳೀಬೇಡಿ, ಅದರ ಸರ್ವೀಸ್ ಲೆಕ್ಕ ಎಲ್ಲಾ ಅದಕ್ಕೇ ಕಟ್ಟಿರೋದು. ನಿಕಲ್ ಕೊಟ್ಟಿದ್ರೆ ನಿಕಲ್ ಹಾಕಿ ಟೈಮಿಗೆ ಸರಿಯಾಗಿ ಬದಲಾಯಿಸಿದ್ರೆ ಏನೂ ಕಮ್ಮಿ ಇಲ್ಲ, ಪದೇ ಪದೇ ಬಿಚ್ಚೋದು ಬೇಡ ಅನ್ಸಿದ್ರೆ ಅದೇ ಅಳತೆ, ಅದೇ ಹೀಟ್ ರೇಂಜಿನ ಇರಿಡಿಯಂ ಹಾಕಿ. ಇರಿಡಿಯಮ್ಮಲ್ಲೂ ಎರಡು ಥರ ಇದೆ, ಕೆಲವದ್ರಲ್ಲಿ ನಡುವಿನ ತುದಿಗೆ ಮಾತ್ರ ಇರಿಡಿಯಂ, ಬಗ್ಗಿರೋ ಕೊಕ್ಕೆ ಬರೀ ನಿಕಲ್, ಅವು ಲಕ್ಷ ಕಿಲೋಮೀಟರ್ ಬರಲ್ಲ. ಕೊಕ್ಕೆಗೂ ಪ್ಲಾಟಿನಂ ಚುಕ್ಕೆ ಕೂರಿಸಿರೋದು ಮಾತ್ರ ಅಷ್ಟು ಬಾಳುತ್ತೆ.

ಇನ್ನು ಬ್ರಶ್ ಹಾಕಿ ಉಜ್ಜೋ ಐಡಿಯಾ. ಬೇಡ. ವೈರ್ ಬ್ರಶ್ಶಿನ ಲೋಹ ಬಿಳೀ ಪಿಂಗಾಣಿ ಮೇಲೆ ಗೀರಾಗಿ ಅಂಟ್ಕೊಂಡು ಕರೆಂಟು ಹರಿಯೋಕೆ ಅದೇ ದಾರಿ ಆಗುತ್ತೆ, ಇರಿಡಿಯಂ ತುದಿ ಅಂತೂ ಅಷ್ಟು ಸಣ್ಣ ಅಲ್ವಾ, ಕಿತ್ತೇ ಹೋಗ್ಬಹುದು. ಅದೂ ಅಲ್ದೆ ಸವೆದ ಎಲೆಕ್ಟ್ರೋಡಿನ, ಅಂದ್ರೆ ಕಿಡಿ ಹಾರೋ ತುದಿಯ, ಅಂಚು ದುಂಡಗಾಗಿರುತ್ತೆ, ಗ್ಯಾಪ್ ಎಷ್ಟು ಕರೆಕ್ಟಾಗಿ ಸೆಟ್ ಮಾಡಿದ್ರೂ ದುಂಡಗಿನ ಅಂಚಿಂದ ಕಿಡಿ ಸುಲಭಕ್ಕೆ ಹಾರಲ್ಲ. ನಾಲ್ಕೂ ಒಟ್ಟಿಗೆ ಬದಲಾಯಿಸಿ, ಒಂದೋ ಎರಡೋ ಅಂತ ಉಳಿಸೋಕೆ ಹೋಗ್ಬೇಡಿ. ಡೂಪ್ಲಿಕೇಟ್ ಮಾಲೂ ಬರುತ್ತೆ, ಅಕ್ಷರ ಮಸುಕಾಗಿದ್ರೆ, ನಡುವಿನ ತುದಿ ಕೊಕ್ಕೆಗೆ ನೇರ ಇಲ್ಲದಿದ್ರೆ, ಥ್ರೆಡ್ ಒರಟಾಗಿದ್ರೆ, ವಾಷರ್ ಕೈಗೆ ಕಳಚಿ ಬಂದ್ರೆ ಅಂಥದ್ದನ್ನ ವಾಪಸ್ ಕೊಡಿ.

ನೀವೇ ಹಾಕ್ಕೋಬಹುದಾ ಅಂದ್ರೆ, ಬಾನೆಟ್ ಎತ್ತಿದ ಕೂಡ್ಲೇ ಇಂಜಿನ್ ಮೇಲೆ ನಾಲ್ಕು ಕಾಯಿಲ್ ಸಾಲಾಗಿ ಕಾಣಿಸ್ತಿದ್ರೆ ಖಂಡಿತ ಮಾಡ್ಬಹುದು. ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಕೊಳವೆ) ಬಿಚ್ಚಿದ ಮೇಲೇ ಪ್ಲಗ್ ಸಿಗೋ ಇಂಜಿನ್ ಆದ್ರೆ, ಮೂರು ಮೂರು ಸಿಲಿಂಡರಿನ ಎರಡು ಸಾಲಿರೋ ಕೆಲವು ವಿ6 ಗಾಡಿಗಳಲ್ಲಿ ಹಿಂದಿನ ಸಾಲು ಹಾಗಿರುತ್ತೆ, ವರ್ಕ್‌ಶಾಪಿಗೇ ಬಿಡಿ. ಬೇಕಾಗೋದು ಒಳಗೆ ರಬ್ಬರ್ ಅಥವಾ ಮ್ಯಾಗ್ನೆಟ್ ಇರೋ ಪ್ಲಗ್ ಸಾಕೆಟ್, ಉದ್ದ ಎಕ್ಸ್‌ಟೆನ್ಶನ್, ರ್‍ಯಾಚೆಟ್, ಎಷ್ಟು ಬಿಗಿ ಆಯ್ತು ಅಂತ ಅಳೆದು ತೋರಿಸೋ ಟಾರ್ಕ್ ವ್ರೆಂಚ್. ಸಾಕೆಟ್ ಜಾಸ್ತಿ ಗಾಡಿಗಳಿಗೆ 16 ಮಿ.ಮೀ., ಕೆಲವು ಹೊಸ ಇಂಜಿನ್‌ಗಳಿಗೆ 14.

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು, ಇದನ್ನ ಲಘುವಾಗಿ ತಗೋಬೇಡಿ. ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು, ಬಿಸಿ ಇರುವಾಗ ಬಿಚ್ಚಿದ್ರೆ ಮೆತ್ತಗಿರೋ ಅಲ್ಯೂಮಿನಿಯಂ ಥ್ರೆಡ್ ಪ್ಲಗ್ ಜೊತೆಗೇ ಎದ್ದು ಬರೋ ಅಪಾಯ ಇದೆ. ಇಗ್ನಿಷನ್ ಆಫ್ ಮಾಡಿ, ಕಾಯಿಲ್ ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ, ಹಳೇ ಗಾಡೀಲಿ ಆ ಪ್ಲಾಸ್ಟಿಕ್ ಒಣಗಿ ಗರಿಗರಿ ಆಗಿರುತ್ತೆ, ಸ್ಕ್ರೂಡ್ರೈವರ್ ತೂರಿಸಿ ಎತ್ತಬೇಡಿ. ಬೋಲ್ಟ್ ತೆಗೆದು ಕಾಯಿಲನ್ನ ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸಿ ನೇರ ಮೇಲಕ್ಕೆ ಎಳೀರಿ. ಪ್ಲಗ್ ವೈರ್ ಇರೋ ಹಳೇ ಇಂಜಿನ್ ಆದ್ರೆ ವೈರ್ ಹಿಡಿದು ಎಳೀದೆ ಬೂಟ್, ಅಂದ್ರೆ ಪ್ಲಗ್ ಮೇಲೆ ಕೂರೋ ರಬ್ಬರ್ ಟೋಪಿ, ಹಿಡಿದು ಎಳೀರಿ, ಒಂದು ಮುಗಿಸಿ ಇನ್ನೊಂದು ಬಿಚ್ಚಿ, ಇಲ್ಲಾಂದ್ರೆ ವೈರ್ ಅದಲು ಬದಲಾಗಿ ಫೈರಿಂಗ್ ಆರ್ಡರ್ (ಯಾವ ಸಿಲಿಂಡರ್ ಆದ್ಮೇಲೆ ಯಾವುದಕ್ಕೆ ಕಿಡಿ ಅನ್ನೋ ಸರದಿ) ಕೆಡುತ್ತೆ. ಆಮೇಲೆ ಪ್ಲಗ್ ಕೂತಿರೋ ಆಳದ ಗುಂಡಿ, ಅಂದ್ರೆ ಪ್ಲಗ್ ಬಾವಿ ಒಳಗೆ ಟಾರ್ಚ್ ಬಿಟ್ಟು ನೋಡಿ, ಮಣ್ಣು ಮರಳು ಇದ್ರೆ ಪ್ಲಗ್ ಬಿಚ್ಚೋಕೆ ಮುಂಚೆನೇ ಗಾಳಿ ಊದಿ ತೆಗೀರಿ, ಬಿಚ್ಚಿದ ಮೇಲೆ ಬಿದ್ದ ಒಂದು ಮರಳಿನ ಕಾಳು ಸೀದಾ ಸಿಲಿಂಡರ್ ಒಳಗೆ ಹೋಗುತ್ತೆ.

ಬಿಚ್ಚಿದ ಪ್ಲಗ್‌ಗಳನ್ನ ಎಸೀಬೇಡಿ ದಯವಿಟ್ಟು, ಒಂದು ಪೇಪರ್ ಮೇಲೆ 1, 2, 3, 4 ಅಂತ ಬರೆದು ಅದೇ ಸಾಲಲ್ಲಿ ಇಡಿ. ಒಳ್ಳೇ ಬೆಳಕಲ್ಲಿ ಒಂದೊಂದನ್ನೇ ನೋಡಿ. ಪಿಂಗಾಣಿ ತುದಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ರೆ ಇಂಜಿನ್ ಚೆನ್ನಾಗಿ ಸುಡ್ತಿದೆ. ಒಣಗಿದ ಕಪ್ಪು ಮಸಿ, ಬೆರಳಿಗೆ ಪುಡಿಯಾಗಿ ಅಂಟೋದು, ಅಂದ್ರೆ ಪೆಟ್ರೋಲ್ ಜಾಸ್ತಿ ಆಗಿದೆ, ಏರ್ ಫಿಲ್ಟರ್ ಕಟ್ಟಿದೆಯಾ ನೋಡಿ, ಇಲ್ಲಾ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸ್ತಿದ್ರೂ ಹೀಗಾಗುತ್ತೆ, ತುದಿಗೆ ಕಾಯೋಕೆ ಟೈಮೇ ಸಿಗಲ್ಲ. ಮಸಿ ಜಿಡ್ಡು ಜಿಡ್ಡಾಗಿ ಒದ್ದೆ ಇದ್ರೆ ಆಯಿಲ್ ಒಳಗೆ ಬರ್ತಿದೆ, ವಾಲ್ವ್ ಸೀಲೋ ಪಿಸ್ಟನ್ ರಿಂಗೋ ಹೋಗಿದೆ. ಇದನ್ನ, ಬಾವಿ ಒಳಗೆ ಪ್ಲಗ್ಗಿನ ಹೊರಮೈಗೆ ಮೆತ್ತಿರೋ ಆಯಿಲ್ ಜೊತೆ ಸೇರಿಸ್ಬೇಡಿ, ಅದು ಇಂಜಿನ್ ಹೆಡ್ಡಿನ ಮೇಲಿನ ಮುಚ್ಚಳ, ಅಂದ್ರೆ ಟ್ಯಾಪೆಟ್ ಕವರಿನ ಸೀಲ್ ಲೀಕು, ಚಿಕ್ಕ ಕೆಲಸ, ಹೆದರೋದೇನಿಲ್ಲ, ಆದ್ರೆ ಬೇಗ ಮಾಡಿಸಿ ಯಾಕಂದ್ರೆ ಆ ಆಯಿಲ್ ಕಾಯಿಲ್ ಬೂಟ್ ತಿಂದು ಹಾಕುತ್ತೆ. ಪಿಂಗಾಣಿ ಬೆಳ್ಳಗೆ ಸುಣ್ಣದ ಥರ ಆಗಿ ಗುಳ್ಳೆ ಎದ್ದಿದ್ರೆ ಅದು ಸೀರಿಯಸ್, ತುದಿ ವಿಪರೀತ ಕಾದಿದೆ, ಪೆಟ್ರೋಲ್ ಕಮ್ಮಿ ಬೀಳ್ತಿರ್ಬಹುದು, ಕೂಲಿಂಗ್ ತೊಂದ್ರೆ ಇರ್ಬಹುದು, ಹಾಟ್ ಪ್ಲಗ್ ಕೂತಿರ್ಬಹುದು, ಕಾರಣ ಹುಡುಕದೆ ಹೊಸ ಪ್ಲಗ್ ಹಾಕ್ಕೊಂಡು ಹೊರಡ್ಬೇಡಿ. ನಾಲ್ಕರಲ್ಲಿ ಮೂರು ಒಂದೇ ಥರ ಇದ್ದು ಒಂದು ಮಾತ್ರ ಬೇರೆ ಇದ್ರೆ ಆ ಸಿಲಿಂಡರಲ್ಲೇ ಏನೋ ಇದೆ ಅಂತ ಅರ್ಥ, ಅದಕ್ಕೇ ಸಾಲಾಗಿ ಇಡಿ ಅಂದಿದ್ದು. ಇನ್ನೊಂದು, ಹೊರಗಡೆ ಪಿಂಗಾಣಿ ಬುಡದಲ್ಲಿ, ಲೋಹ ಶುರುವಾಗೋ ಜಾಗದಲ್ಲಿ ಕಂದು ಬಳೆ ಥರ ಕಲೆ ಕಾಣ್ಸುತ್ತೆ, ಗ್ಯಾಸ್ ಲೀಕ್ ಅಂತ ತುಂಬ ಜನ ಗಾಬರಿ ಆಗ್ತಾರೆ, ಅದು ಹೈ ವೋಲ್ಟೇಜಿಗೆ ಸುತ್ತಲಿನ ಆಯಿಲ್ ಕಣಗಳು ಅಂಟಿರೋ ಕಲೆ, ಏನೂ ಆಗಲ್ಲ. ಆದ್ರೆ ಮೇಲಿಂದ ಕೆಳಕ್ಕೆ ಪೆನ್ಸಿಲ್ ಗೀಟಿನ ಹಾಗೆ ಸಣ್ಣ ಕಪ್ಪು ಗೆರೆ ಇದ್ರೆ ಕಿಡಿ ಹೊರಗಿಂದ್ಲೇ ಹಾರ್ತಿದೆ, ಪ್ಲಗ್ ಜೊತೆ ಬೂಟೂ ಬದಲಾಯಿಸ್ಬೇಕು.

ಹೊಸ ಪ್ಲಗ್ಗಿನ ಗ್ಯಾಪ್ ಡಬ್ಬಿಯಿಂದ ತೆಗೆದ ಕೂಡ್ಲೇ ವೈರ್ ಗೇಜಲ್ಲಿ ಒಮ್ಮೆ ನೋಡಿ, ಟರ್ಬೊ ಗಾಡಿಗಳಿಗೆ 0.7-0.8 ಮಿ.ಮೀ. ಇರೋದು ಮಾಮೂಲು, ಮಿಕ್ಕವಕ್ಕೆ 1.0-1.1. ವ್ಯತ್ಯಾಸ ಇದ್ರೆ ಬಗ್ಗಿಸೋದು ಹೊರಗಿನ ಕೊಕ್ಕೆಯನ್ನ ಮಾತ್ರ, ನಡುವಿನ ತುದಿಗೆ ಏನೂ ತಾಗ್ಬಾರದು. ಆ ನಾಣ್ಯದ ಥರ ಇರೋ ಗೇಜನ್ನ ಇರಿಡಿಯಂ ಗ್ಯಾಪ್ ಒಳಗೆ ತೂರಿಸಿ ತಿರುಗಿಸ್ಲೇಬೇಡಿ, ಸಣ್ಣ ತುದಿ ಮುರಿಯುತ್ತೆ. ಪ್ಲಗ್ ಕೈಜಾರಿ ಗಟ್ಟಿ ನೆಲಕ್ಕೆ ಬಿದ್ರೆ ಅದನ್ನ ಹಾಕ್ಬೇಡಿ, ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರ್ಬಹುದು.

ಈಗ ಕೂರಿಸೋದು. ರ್‍ಯಾಚೆಟ್ ಪಕ್ಕಕ್ಕಿಡಿ. ಪ್ಲಗ್ಗಿನ ಹಿಂದೆ ಒಂದು ಗೇಣು ರಬ್ಬರ್ ಪೈಪ್ ಸಿಕ್ಕಿಸಿ ಬಾವಿಗೆ ಇಳಿಸಿ, ಎರಡು ಬೆರಳಲ್ಲಿ ಮೊದ್ಲು ಉಲ್ಟಾ ತಿರುಗಿಸಿ, ಟಕ್ ಅಂತ ಸಣ್ಣದಾಗಿ ಇಳಿದ ಹಾಗೆ ಬೆರಳಿಗೆ ಗೊತ್ತಾಗುತ್ತೆ, ಅಲ್ಲಿಂದ ಸೀದಾ ತಿರುಗಿಸ್ತಾ ಹೋಗಿ. ಥ್ರೆಡ್ ಸರಿಯಾಗಿ ಹಿಡಿದಿದ್ರೆ ಏನೂ ಬಲ ಬೇಡ, ಕೊನೇವರೆಗೂ ಬೆರಳಲ್ಲೇ ಹೋಗುತ್ತೆ, ಅಡ್ಡ ಹಿಡಿದ್ರೆ ಪೈಪೇ ಜಾರುತ್ತೆ, ಅದಕ್ಕೇ ಪೈಪ್ ಒಳ್ಳೇದು. ಬಿಗಿ ಆಯ್ತು ಅನ್ಸಿದ್ರೆ ನಿಲ್ಲಿಸಿ ಪೂರ್ತಿ ವಾಪಸ್ ತೆಗೆದು ಮತ್ತೆ ಶುರು ಮಾಡಿ. ತಳ ಮುಟ್ಟಿದ ಮೇಲೆ ಟಾರ್ಕ್ ವ್ರೆಂಚ್ ತಗೊಳ್ಳಿ, ವಾಷರ್ ಇರೋ 14 ಮಿ.ಮೀ. ಪ್ಲಗ್ ಅಲ್ಯೂಮಿನಿಯಂ ಹೆಡ್ಡಿಗೆ ಸಾಮಾನ್ಯವಾಗಿ 25-30 ನ್ಯೂಟನ್ ಮೀಟರ್, 12 ಮಿ.ಮೀ. ಪ್ಲಗ್‌ಗೆ 15-20. ನಿಮ್ಮ ಮ್ಯಾನ್ಯುಯಲ್ಲಲ್ಲಿ ಬೇರೆ ಇದ್ರೆ ಅದೇ ಫೈನಲ್. ಟಾರ್ಕ್ ವ್ರೆಂಚ್ ಇಲ್ಲದಿದ್ರೆ ವಾಷರ್ ತಳ ಮುಟ್ಟಿದ ಮೇಲೆ ಹೊಸ 14 ಮಿ.ಮೀ. ಪ್ಲಗ್‌ಗೆ ಅರ್ಧದಿಂದ ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ ಸುತ್ತು, ಒಮ್ಮೆ ಹಾಕಿ ತೆಗೆದ ಪ್ಲಗ್‌ಗೆ ಹನ್ನೆರಡನೇ ಒಂದು ಭಾಗ ಸುತ್ತು, ವಾಷರ್ ಇಲ್ಲದ ಜಾತಿಗೆ ಹದಿನಾರನೇ ಒಂದು ಭಾಗ ಅಷ್ಟೇ. ಡಬ್ಬಿ ಮೇಲೂ ಇದರ ಚಿತ್ರ ಇರುತ್ತೆ. ಜಾಸ್ತಿ ಬಿಗಿ ಮಾಡಿದ್ರೆ ಹೆಡ್ಡಿನ ಥ್ರೆಡ್ ಹೋಗುತ್ತೆ, ಕಮ್ಮಿ ಮಾಡಿದ್ರೂ ತಪ್ಪು, ಪ್ಲಗ್ಗಿನ ಶಾಖ ಹೆಡ್ಡಿಗೆ ಇಳಿಯೋದು ಆ ಥ್ರೆಡ್ಡು ವಾಷರ್ ಮೂಲಕವೇ, ಲೂಸ್ ಇದ್ರೆ ಸರಿಯಾದ ಹೀಟ್ ರೇಂಜಿನ ಪ್ಲಗ್ಗೂ ಕಾದು ಕೆಂಪಾಗುತ್ತೆ.

ಥ್ರೆಡ್‌ಗೆ ಗ್ರೀಸ್, ಆಯಿಲ್, ಥ್ರೆಡ್ ಹಿಡ್ಕೊಳ್ಳದಿರಲಿ ಅಂತ ಹಚ್ಚೋ ಆಂಟಿ ಸೀಜ್ ಪೇಸ್ಟ್ ಏನೂ ಹಚ್ಚಬೇಡಿ. ಈಗಿನ ಒಳ್ಳೇ ಪ್ಲಗ್‌ಗಳಿಗೆ ಹಿಡ್ಕೊಳ್ಳದ ಹಾಗೆ ಲೇಪನ ಮಾಡಿಯೇ ಬಂದಿರುತ್ತೆ, ಮೇಲೆ ಜಿಡ್ಡು ಹಚ್ಚಿದ್ರೆ ಜಾರಿ ವ್ರೆಂಚ್ ತೋರಿಸೋದಕ್ಕಿಂತ ಜಾಸ್ತಿ ಬಿಗಿ ಆಗುತ್ತೆ. ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹರಿಯದ ಗ್ರೀಸ್) ಇದ್ರೆ ಕಾಯಿಲ್ ಬೂಟಿನ ರಬ್ಬರ್ ಒಳಬಾಯಿಗೆ ಒಂಚೂರು ಸವರಿ, ಮುಂದಿನ ಸಲ ಅಂಟ್ಕೊಳ್ಳದೆ ಸಲೀಸಾಗಿ ಬರುತ್ತೆ.

ಇಷ್ಟಾದ ಮೇಲೂ ಅದೇ ಏರಲ್ಲಿ ಜರ್ಕ್ ಉಳಿದ್ರೆ ಕಾಯಿಲ್ ಕಡೆ ಹೋಗಿ. ಸ್ಕ್ಯಾನರ್ ಹಾಕಿ ಗಾಡಿಯ ಕಂಪ್ಯೂಟರ್ ದಾಖಲಿಸಿರೋ ದೋಷದ ಕೋಡ್ ಓದಿಸಿ, ಪಿ0301ರಿಂದ ಪಿ0304ರವರೆಗೆ ಕೊನೇ ಅಂಕಿ ಯಾವ ಸಿಲಿಂಡರ್ ಮಿಸ್ ಹೊಡೀತಿದೆ ಅಂತ ಹೇಳುತ್ತೆ, ಪಿ0300 ಬಂದ್ರೆ ಒಂದೇ ಅಂತಿಲ್ಲ, ಅಲ್ಲಿ ಇಲ್ಲಿ ಆಗ್ತಿದೆ ಅಂತ. ಉದಾಹರಣೆಗೆ ಪಿ0302 ಬಂದ್ರೆ 2ನೇದರ ಕಾಯಿಲ್ ತೆಗೆದು 3ಕ್ಕೆ ಹಾಕಿ, 3ರದ್ದು 2ಕ್ಕೆ ಹಾಕಿ, ಕೋಡ್ ಅಳಿಸಿ ಅದೇ ಏರಲ್ಲಿ ಓಡಿಸಿ. ಈಗ ಪಿ0303 ಬಂದ್ರೆ ಕಾಯಿಲ್ ಹೋಗಿದೆ, ಅದೊಂದನ್ನ ಬದಲಾಯಿಸಿದ್ರೆ ಸಾಕು. ಮತ್ತೆ ಪಿ0302ವೇ ಬಂದ್ರೆ ಕಾಯಿಲ್ ಅಲ್ಲ, ಪ್ಲಗ್ಗೂ ಹೊಸದೇ ಹಾಕಿದ್ದೀರಿ, ಆ ಸಿಲಿಂಡರಿನ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸೋದು), ವೈರಿಂಗ್, ಕಂಪ್ರೆಶನ್ (ಒಳಗೆ ಅದುಮಿದ ಪ್ರೆಶರ್) ಚೆಕ್ ಮಾಡಿಸ್ಬೇಕು. ಆಗ ಪೇಪರ್ ಮೇಲೆ ಸಾಲಾಗಿ ಇಟ್ಟಿದ್ದ ಹಳೇ ಪ್ಲಗ್‌ಗಳನ್ನ, 2 ಅಂತ ಬರೆದಿರೋದನ್ನ ಮರೀದೆ, ಮೆಕ್ಯಾನಿಕ್‌ಗೆ ತೋರಿಸಿ, ಅವ್ರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.